ಅಪ್‌ಡೇಟ್: ತಮ್ಮನ ಎದೆನೋವಿಗೆ ಕಾರಣ ಸಿಕ್ಕಿತು

ವೈರಲ್ ಜ್ವರ ಬಿಟ್ಟ ಮೇಲೂ ತಮ್ಮನಿಗೆ ಎದೆನೋವು, ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಏರುವ ಪ್ರೋಟೀನ್) ಜಾಸ್ತಿ, ಎಕೋ (ಹೃದಯದ ಅಲ್ಟ್ರಾಸೌಂಡ್) ಮಾತ್ರ ನಾರ್ಮಲ್, ಏನು ಮಾಡುವುದು ಅಂತ ಕುಮಟಾದಿಂದ ಹಿಂದೆ ಇಲ್ಲಿ ಕೇಳಿದ್ದೆನಲ್ಲ. ಗ್ಯಾಸ್ಟ್ರಿಕ್ ಮಾತ್ರೆಯಿಂದ ಏನೂ ಆಗಲಿಲ್ಲ. ಮತ್ತೆ ಮಾಡಿಸಿದ ಎಕೋ ಕೂಡ ನಾರ್ಮಲ್ಲೇ. ಕಾರ್ಡಿಯಾಕ್ (ಹೃದಯದ) ಎಂಆರ್‌ಐ ಮಾಡಿಸಿ ಅಂದವರ ಮಾತೇ ಸರಿಯಾಯಿತು, ಥ್ಯಾಂಕ್ಸ್. ಮಣಿಪಾಲಕ್ಕೆ ಹೋದೆವು. ಮೊದಲು ಕಿಡ್ನಿ ಸರಿಯಿದೆಯಾ ಅಂತ ರಕ್ತದಲ್ಲಿ ಕ್ರಿಯೇಟಿನಿನ್ ನೋಡಿ, ಆಮೇಲೆ ಚಿತ್ರದಲ್ಲಿ ಕಲೆ ಎದ್ದು ಕಾಣಲು ಗ್ಯಾಡೋಲಿನಿಯಂ ಇಂಜೆಕ್ಷನ್. ಸ್ಕ್ಯಾನ್ ಹೊತ್ತಿಗೆ ಹೇಳಿದಾಗೆಲ್ಲ ಉಸಿರು ಬಿಗಿಹಿಡಿಯಬೇಕು; ಅಘನಾಶಿನಿಯಲ್ಲಿ ಮುಳುಗು ಹಾಕಿ ಬೆಳೆದವನಿಗೆ ಅದೇನು ಕಷ್ಟವಾಗಲಿಲ್ಲ ಬಿಡಿ.

ಕೊನೆಗೆ ಗೊತ್ತಾದದ್ದು ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ. ನನಗೆ ಆಶ್ಚರ್ಯವಾದದ್ದು ಒಂದು: ಹೃದಯಾಘಾತವಾದರೆ ಚಿತ್ರದಲ್ಲಿ ಬಿಳಿ ಕಲೆ ಹೃದಯದ ಗೋಡೆಯ ಒಳಪದರದಿಂದ ಶುರುವಾಗುತ್ತದಂತೆ, ಇವನದು ಹೊರಪದರದಲ್ಲಿತ್ತು. ಡಾಕ್ಟರು ವ್ಯತ್ಯಾಸ ಹಿಡಿದದ್ದು ಅದರಿಂದಲೇ. ಸದ್ಯಕ್ಕೆ ವಾಲಿಬಾಲ್ ಕೆಲವು ತಿಂಗಳು ಬಂದ್. ಮತ್ತೆ ಪರೀಕ್ಷೆ ಮಾಡಿದ ಮೇಲೆಯೇ ಅಂಗಳಕ್ಕೆ ಬಿಡುವುದಂತೆ, ಅವನ ಮುಖ ನೋಡಬೇಕು!