ಕ್ಲಿಫ್‌ಗೆ ಏನನ್ನೋಣ? ಪ್ರಪಾತ, ದರೆ, ಬರೆ...

ಎಲ್ಲರಿಗೂ ನಮಸ್ಕಾರ.

ಐರ್ಲೆಂಡಿನ ಪಶ್ಚಿಮ ಕರಾವಳಿಯ ಬಗ್ಗೆ ಒಂದು ಪ್ರವಾಸ ಲೇಖನ ಬರೆಯುತ್ತಿದ್ದೇನೆ. ಕ್ಲೇರ್ ಕೌಂಟಿಯ ಮೋಹರ್ ಕ್ಲಿಫ್‌ಗಳ ಹತ್ತಿರ ಬಂದು ಬರವಣಿಗೆ ನಿಂತುಬಿಟ್ಟಿದೆ. ಕಡಲ ದಡದಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಂತ ಈ 'ಕ್ಲಿಫ್'ಗೆ ಕನ್ನಡದಲ್ಲಿ ಏನನ್ನುವುದು?

'ಪ್ರಪಾತ' ಥಟ್ಟನೆ ನಾಲಿಗೆಗೆ ಬರುತ್ತದೆ. ಆದರೆ ಪ್ರಪಾತ ಅನ್ನುವುದು ಮೇಲೆ ನಿಂತವರ ಮಾತು. ಬಸ್ಸು ಪ್ರಪಾತಕ್ಕೆ ಉರುಳುತ್ತದೆ. ಕಣ್ಣೆಲ್ಲ ಕೆಳಗಿನ ಆಳದ ಮೇಲೆ. ಮೋಹರ್‌ಗೆ ಹತ್ತಿರದ ಡೂಲಿನ್ ಊರಿನಿಂದ ದೋಣಿಯಲ್ಲಿ ಹೋಗಿ, ಬುಡದಲ್ಲಿ ನಿಂತು ತಲೆಯೆತ್ತಿ ನೋಡುವವರೂ ಇದ್ದಾರೆ. ಅವರ ಎದುರಿಗಿರುವುದು ಕಲ್ಲಿನ ಮೈ. ಮೇಲೆ ಕಟ್ಟಿರುವ ಓಬ್ರಿಯನ್ ಗೋಪುರದ ಹತ್ತಿರ ಅದರ ಎತ್ತರ 214 ಮೀಟರ್. "ದೋಣಿಯಿಂದ ಪ್ರಪಾತ ನೋಡಿದೆವು" ಅಂತ ಬರೆದರೆ ಓದುವವರು ಬಗ್ಗಿ ಕೆಳಗೆ ನೋಡುತ್ತಾರೆ, ಅಲ್ವಾ?

ಕಮರಿ, ಕೊರಕಲು ಇವೂ ಆಗುವುದಿಲ್ಲ. ಅವಕ್ಕೆ ಎರಡು ದಡ ಬೇಕು. ಇಲ್ಲಿ ಇರುವುದು ಒಂದೇ ದಡ. ಎದುರಿಗೆ ಅರಾನ್ ದ್ವೀಪಗಳನ್ನು ಬಿಟ್ಟರೆ ಬರೀ ಅಟ್ಲಾಂಟಿಕ್. ಸಂಸ್ಕೃತದ 'ಭೃಗು'ವಿಗೆ ಈ ಅರ್ಥ ಇದೆ, ನಿಜ. ಆದರೆ ಭೃಗು ಅಂದ ಕೂಡಲೇ ನಮ್ಮ ಜನಕ್ಕೆ ಗಡ್ಡದ ಋಷಿ ಕಣ್ಣ ಮುಂದೆ ಬರುತ್ತಾರೆ. "ಭೃಗುವಿನ ಅಂಚಿನಲ್ಲಿ ನಡೆದೆವು" ಅಂತ ನಾನಂತೂ ಬರೆಯಲಾರೆ.

ನನಗೆ ಹೆಚ್ಚು ಹತ್ತಿರ ಅನ್ನಿಸಿದ್ದು ಮಲೆನಾಡಿನ 'ದರೆ', ಕೊಡಗಿನ 'ಬರೆ'. ಮಳೆಗಾಲ ಬಂತೆಂದರೆ ದರೆ ಕುಸಿತ, ಬರೆ ಕುಸಿತದ ಸುದ್ದಿ ಇದ್ದೇ ಇರುತ್ತದೆ. ನೆಟ್ಟಗೆ ನಿಂತ ಮೈ, ಒಂದೇ ಬದಿ, ಮೇಲಿನಿಂದಲೂ ಕೆಳಗಿನಿಂದಲೂ ಹೇಳಬಹುದು. (ಕೆಲವರು 'ಧರೆ' ಅಂತ ಬರೆಯುತ್ತಾರೆ. ಹಾಗೆ ಬರೆದರೆ ಭೂಮಿಯೇ ಕುಸಿದ ಹಾಗೆ ಕೇಳುತ್ತದೆ. ಅದು ಬೇರೆ ಚರ್ಚೆ, ಇರಲಿ.) ತೊಡಕು ಏನೆಂದರೆ ದರೆ ಅಂದರೆ ಮಣ್ಣು ನೆನಪಾಗುತ್ತದೆ, ರಸ್ತೆಗೋ ಮನೆಗೋ ಕಡಿದ ಗುಡ್ಡ ನೆನಪಾಗುತ್ತದೆ. ಮೋಹರ್‌ನದು ಗಟ್ಟಿ ಕಲ್ಲು. ಸುಮಾರು 32 ಕೋಟಿ ವರ್ಷಗಳ ಹಿಂದೆ ನದಿಯೊಂದು ಕಡಲಿಗೆ ತಂದು ಸುರಿದ ಮರಳು, ಕೆಸರು ಪದರ ಪದರವಾಗಿ ಕೂತು ಕಲ್ಲಾಗಿದೆ. ಕೆಸರು ಗಟ್ಟಿಯಾಗಿ ಆದ ಮೆತ್ತಗಿನ ಶೇಲ್ ಕಲ್ಲಿನ ಪದರವನ್ನು ಅಲೆ ಬೇಗ ತಿನ್ನುತ್ತದೆ. ಮೇಲಿನ ಮರಳುಗಲ್ಲು ಆಸರೆಯಿಲ್ಲದೆ ಮುಂದಕ್ಕೆ ಚಾಚಿಕೊಳ್ಳುತ್ತದೆ, ಒಂದು ದಿನ ಮುರಿದು ಬೀಳುತ್ತದೆ. ಹಾಗಾಗಿ ಎಷ್ಟು ಸವೆದರೂ ಮೈ ಮಾತ್ರ ನೆಟ್ಟಗೇ ಉಳಿಯುತ್ತದೆ. ಇದಕ್ಕೆ ನಮ್ಮ 'ಕಡಲ್ಕೊರೆತ' ಹೇಳಿ ಮಾಡಿಸಿದ ಪದ. ಅದೇ ಜಾಡಿನಲ್ಲಿ ಕ್ಲಿಫ್‌ಗೆ 'ಕಲ್ಲುದರೆ' ಅಂದರೆ ಹೇಗೆ? ಕಡಲಿನದ್ದಾದರೆ 'ಕಡಲದರೆ'?

ಇನ್ನೊಂದು. ಕ್ಲಿಫ್‌ನಿಂದ ಬೇರೆಯಾಗಿ ನೀರಿನಲ್ಲಿ ಒಂಟಿಯಾಗಿ ನಿಂತ ಬಂಡೆಗೆ ಇಂಗ್ಲಿಷಿನಲ್ಲಿ ಸೀ ಸ್ಟ್ಯಾಕ್ ಅನ್ನುತ್ತಾರೆ. ಓಬ್ರಿಯನ್ ಗೋಪುರದ ಕೆಳಗೆ ಬ್ರನಾನ್‌ಮೋರ್ ಅಂತ ಒಂದಿದೆ, 67 ಮೀಟರ್ ಎತ್ತರ. ಮೊದಲು ಅದೂ ದಡಕ್ಕೇ ಅಂಟಿಕೊಂಡಿತ್ತು. 'ಕೋಡುಗಲ್ಲು' ಅನ್ನಲು ಮನಸ್ಸಾಗುತ್ತಿದೆ. ಆದರೆ ಅದು ಬೆಟ್ಟದ ನೆತ್ತಿಗೆ ಜಾಸ್ತಿ ಒಪ್ಪುವ ಪದ.

ಚಪ್ಪಟೆ ಕಲ್ಲಿನ ವಿಷಯಕ್ಕೆ ಬಂದರೆ ನಮಗೆ ಬಡತನವೇ ಇಲ್ಲ. ಅಲ್ಲಿನ ಲಿಸ್ಕ್ಯಾನರ್ ಕಲ್ಲನ್ನು ದಾರಿಯ ಅಂಚಿಗೆ ಸಾಲಾಗಿ ನೆಟ್ಟಿದ್ದಾರೆ. ಅದರ ಮೈಮೇಲೆಲ್ಲ ಹಾವು ಹರಿದಂಥ ಗೆರೆಗಳು, ಆ ಕಾಲದ ಕೆಸರಿನಲ್ಲಿ ಸಣ್ಣ ಜೀವಿಗಳು ತೆವಳಿದ ಜಾಡು. ಅದಕ್ಕೆ ಕಣ್ಣುಮುಚ್ಚಿ 'ಚಪ್ಪಡಿ' ಅಂದೆ. ಪಕ್ಕದ ಬರೆನ್ ಪ್ರದೇಶದಲ್ಲಿ ಮೈಲಿಗಟ್ಟಲೆ ಬೋಳು ಸುಣ್ಣಕಲ್ಲು ನೆಲಕ್ಕೆ ಹಾಸಿದ ಹಾಗೆ ಬಿದ್ದಿದೆ. ಅರೆ, ಹಾಸುಬಂಡೆ, ದಕ್ಷಿಣ ಕನ್ನಡದ ಪಾದೆ, ಯಾವುದೂ ನಡೆಯುತ್ತದೆ. ಮಳೆನೀರು ಕರಗಿಸಿ ಕೊರೆದ ಉದ್ದುದ್ದ ಸೀಳುಗಳ ಒಳಗೆ ಜರೀಗಿಡ ಬೆಳೆಯುತ್ತದೆ. ಅವಕ್ಕೆ ನಾನು 'ಸಂದು' ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

'ಕ್ಲಿಫ್' ಅಂತಲೇ ಬಿಡಿ, ಎಲ್ಲರಿಗೂ ಗೊತ್ತಾಗುತ್ತದೆ ಅನ್ನಬಹುದು. ಹೆಸರಿನಲ್ಲಿ ಹಾಗೇ ಬಿಡುತ್ತೇನೆ. ಆದರೆ ಲೇಖನದ ಉದ್ದಕ್ಕೂ ಕ್ಲಿಫ್‌ಗಳು, ಕ್ಲಿಫ್‌ನ, ಕ್ಲಿಫ್‌ಗಳಿಂದ ಅಂತ ಬರೆಯುತ್ತಾ ಹೋದರೆ ಓದಲು ಹಿಂಸೆ.

ಭಟ್ಕಳ, ಮುರ್ಡೇಶ್ವರ, ಹೊನ್ನಾವರ ಕಡೆಯವರಿಗೆ ಮುಖ್ಯವಾಗಿ ಕೇಳುತ್ತಿದ್ದೇನೆ. ನೇತ್ರಾಣಿ ದ್ವೀಪದ ಕಡಿದಾದ ಕಲ್ಲಿನ ಬದಿಗೆ ದೋಣಿಯವರು ಏನನ್ನುತ್ತಾರೆ? ನೀರಿನ ಮೇಲಿನಿಂದ ದಿನಾ ನೋಡುವವರ ಬಾಯಲ್ಲಿ ಒಂದು ಪದ ಇದ್ದೇ ಇರಬೇಕು. ಕೊಂಕಣಿಯದ್ದೋ ನವಾಯತಿಯದ್ದೋ ಆದರೂ ಪರವಾಗಿಲ್ಲ. ಯಾವ ಊರಿನಲ್ಲಿ ಕೇಳಿದ್ದು, ಯಾರು ಬಳಸುತ್ತಾರೆ ಅನ್ನುವುದನ್ನೂ ಜೊತೆಗೆ ಬರೆಯಿರಿ.