ಅಪ್‌ಡೇಟ್: ಹಾಲು ಬಿಡಿಸಿದ ಹಂದಿಮರಿಗಳ ಭೇದಿ ಮತ್ತು ಜಿಂಕ್ ಆಕ್ಸೈಡ್

ತಾಯಿಹಾಲು ಬಿಡಿಸಿದ ಹಂದಿಮರಿಗಳಿಗೆ ಭೇದಿ ಬಾರದಂತೆ ಆಹಾರದಲ್ಲಿ ಜಿಂಕ್ ಆಕ್ಸೈಡನ್ನು (ಸತುವಿನ ಒಂದು ಸಂಯುಕ್ತ) ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಬೆರೆಸಬೇಕೆಂದು ನಾನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೊಡಗಿನ ನಮ್ಮ ಹಂದಿಗೂಡಿನಲ್ಲಿ ಆದದ್ದನ್ನು ಇಲ್ಲಿ ತಿಳಿಸುತ್ತಿದ್ದೇನೆ.

ಪಶುವೈದ್ಯರ ಸಲಹೆಯಂತೆ ಕಿಲೋ ಆಹಾರಕ್ಕೆ ಸುಮಾರು 3 ಗ್ರಾಂ ಜಿಂಕ್ ಆಕ್ಸೈಡನ್ನು, ಅಂದರೆ ಅದರಲ್ಲಿ ಶೇಕಡಾ 80ರಷ್ಟು ಸತುವಿರುವುದರಿಂದ ಹೆಚ್ಚುಕಡಿಮೆ 2,400 ಮಿಲಿಗ್ರಾಂ ಸತುವನ್ನು, ಹಾಲು ಬಿಡಿಸಿದ ಮೊದಲ ಎರಡು ವಾರ ಮಾತ್ರ ಕೊಟ್ಟೆವು. ಭೇದಿ ಗಣನೀಯವಾಗಿ ಇಳಿಯಿತು, ಮರಿಗಳು ಆಹಾರವನ್ನೂ ಚೆನ್ನಾಗಿ ತಿಂದವು.

ಆದರೆ ಇದನ್ನು ಮುಂದುವರಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಮರಿಯ ದೈನಂದಿನ ಅಗತ್ಯಕ್ಕೆ ಕಿಲೋ ಆಹಾರದಲ್ಲಿ 100 ಮಿಲಿಗ್ರಾಂ ಸತುವಿದ್ದರೆ ಸಾಕು. ಮಿಕ್ಕದ್ದರಲ್ಲಿ ಬಹುಪಾಲು ಸಗಣಿಯ ಮೂಲಕ ಹೊರಬಿದ್ದು, ಗೊಬ್ಬರವಾಗಿ ಕಾಫಿ, ಮೆಣಸಿನ ಬುಡಕ್ಕೆ ಸೇರಿ, ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಶೇಖರಗೊಳ್ಳುತ್ತದೆ. ಇದೇ ಕಾರಣಕ್ಕೆ, ಜೊತೆಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುವ ಆತಂಕದಿಂದ, ಐರೋಪ್ಯ ಒಕ್ಕೂಟವು ಔಷಧವಾಗಿ ಇಷ್ಟು ಹೆಚ್ಚಿನ ಪ್ರಮಾಣದಲ್ಲಿ ಜಿಂಕ್ ಆಕ್ಸೈಡ್ ಬಳಸುವುದನ್ನು 2022ರ ಜೂನ್‌ನಲ್ಲಿ ನಿಲ್ಲಿಸಿತು.

ಆದ್ದರಿಂದ ಮುಂದಿನ ತಂಡದ ಮರಿಗಳಿಗೆ ಹಾಲು ಬಿಡಿಸುವುದನ್ನು ನಾಲ್ಕು ವಾರ ತುಂಬುವವರೆಗೆ ತಡಮಾಡಿ, ಅದಕ್ಕೂ ಮೊದಲೇ ಸ್ವಲ್ಪ ಸ್ವಲ್ಪವಾಗಿ ಘನ ಆಹಾರ ರೂಢಿಸಿ, ಪ್ರೋಟೀನನ್ನು ಶೇಕಡಾ 18ರ ಆಸುಪಾಸಿಗೆ ಇಳಿಸಿದ್ದೇವೆ. ಜೀರ್ಣವಾಗದೆ ಉಳಿದ ಪ್ರೋಟೀನೇ ಕರುಳಿನಲ್ಲಿ ಭೇದಿ ತರುವ ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ ಮಾಡಿಕೊಡುತ್ತದೆ. ಮಳೆಗಾಲದ ಚಳಿಯಲ್ಲಿ ನೆಲ ಒಣಗಿ ಬೆಚ್ಚಗಿರುವಂತೆ ನೋಡಿಕೊಳ್ಳುವುದು ಇವೆಲ್ಲಕ್ಕಿಂತ ಕಷ್ಟದ ಕೆಲಸವಾಗಿದೆ. ಹೆಚ್ಚುವರಿ ಸತು ಕೊಡದ ಈ ತಂಡದಲ್ಲಿ ಕೆಲವು ಮರಿಗಳಿಗೆ ಸಡಿಲ ಭೇದಿ ಕಂಡಿದ್ದು, ಅವುಗಳನ್ನು ಬೇರ್ಪಡಿಸಿ ಲವಣಯುಕ್ತ ನೀರು ಕುಡಿಸುತ್ತಿದ್ದೇವೆ. ಸಗಣಿಯ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದ್ದೇವೆ.