ನಿದ್ದೆಯಲ್ಲಿ ಕೇಳಿಸದ ಟಿಪ್ಪರ್ ಸದ್ದು ಅಮ್ಮನ ರಕ್ತದೊತ್ತಡ ಏರಿಸಬಲ್ಲದೇ?

ಪ್ರಶ್ನೆ — ತಪ್ಪಲಿನವನು (ಚಿಕ್ಕಬಳ್ಳಾಪುರ)

ನಮಸ್ಕಾರ. ನಮ್ಮ ಊರು ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿದೆ. ಕ್ರಷರ್‌ಗಳಿಂದ ಜಲ್ಲಿ ಮತ್ತು ಎಂ-ಸ್ಯಾಂಡ್ ತುಂಬಿಕೊಂಡು ಬೆಂಗಳೂರಿನ ಕಡೆಗೆ ಹೋಗುವ ಟಿಪ್ಪರ್‌ಗಳು ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತವೆ. ಜಗುಲಿಯಿಂದ ರಸ್ತೆಗೆ ಹದಿನೈದು ಹೆಜ್ಜೆಯೂ ಇಲ್ಲ. ರಾತ್ರಿ ಹನ್ನೊಂದರ ನಂತರ ಶುರುವಾಗುವ ಓಡಾಟ ಬೆಳಗಿನ ಜಾವದವರೆಗೂ ಇರುತ್ತದೆ. ಮೂರು ರಾತ್ರಿ ಎದ್ದು ಕುಳಿತು ಎಣಿಸಿದೆ: 11, 8, 11.

ಅಮ್ಮನಿಗೆ 61 ವರ್ಷ. ಎರಡು ವರ್ಷದ ಹಿಂದೆ ಬಿ.ಪಿ. ಇರುವುದು ಗೊತ್ತಾಯಿತು, ಅಲ್ಲಿಂದ ಈಚೆಗೆ ಮಾತ್ರೆಯ ಪ್ರಮಾಣವನ್ನು ಎರಡು ಬಾರಿ ಹೆಚ್ಚಿಸಿದ್ದಾರೆ. ವಯಸ್ಸಾಯಿತು, ಉಪ್ಪು ಕಡಿಮೆ ಮಾಡಿ ಎನ್ನುವುದು ವೈದ್ಯರ ಸಲಹೆ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ.

ಧೂಳು ಕೆಟ್ಟದ್ದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮದು ರೇಷ್ಮೆ ಸಾಕಣೆಯ ಮನೆ. ರಸ್ತೆ ಬದಿಯ ನಾಲ್ಕು ಸಾಲಿನ ಹಿಪ್ಪುನೇರಳೆ ಸೊಪ್ಪಿನ ಮೇಲೆ ಧೂಳು ಕೂತಿರುವುದರಿಂದ ಅದನ್ನು ಹುಳುವಿಗೆ ಹಾಕದೆ ದನಕ್ಕೆ ಹಾಕುತ್ತೇವೆ. ಆದರೆ ಸದ್ದಿನ ಮಾತೆತ್ತಿದರೆ ಊರಿನವರು ನಗುತ್ತಾರೆ. "ನಾಲ್ಕು ದಿನ ಕಳೆದರೆ ರೂಢಿಯಾಗುತ್ತೆ ಬಿಡಪ್ಪ" ಎನ್ನುತ್ತಾರೆ. ಅಮ್ಮನೂ "ನಂಗೆ ಎಚ್ಚರವೇ ಆಗಲ್ಲ ಕಣೋ" ಎನ್ನುತ್ತಾರೆ. ಹಾಗಾದರೆ ನನ್ನ ಪ್ರಶ್ನೆ ಇಷ್ಟೆ: ಎಚ್ಚರವೇ ಆಗದಿದ್ದರೆ ಆ ಸದ್ದಿನಿಂದ ದೇಹಕ್ಕೆ ಹಾನಿಯಿದೆಯೇ, ಇಲ್ಲವೇ?

ಉತ್ತರ 1 — ನಾಡಿಮಿಡಿತ (ಕೋಲಾರ)

ಸಮುದಾಯ ಆರೋಗ್ಯವನ್ನು ಪಾಠ ಮಾಡುವವಳು ನಾನು. ನಿಮ್ಮ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳುವುದಿಲ್ಲ, ಅವರೂ ಧೂಳಿನ ಬಳಿಗೇ ಹೋಗಿ ನಿಲ್ಲುತ್ತಾರೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಹಾನಿಯಿದೆ. ಮಲಗಿದಾಗ ಕಣ್ಣು ಮುಚ್ಚಿಕೊಳ್ಳುತ್ತದೆ, ಕಿವಿ ಮುಚ್ಚಿಕೊಳ್ಳುವುದಿಲ್ಲ. ನಿದ್ದೆಯಲ್ಲಿ ಕೇಳಿದ ಜೋರು ಸದ್ದನ್ನು ಮೆದುಳು ಅಪಾಯವೆಂದೇ ಪರಿಗಣಿಸಿ, ನಮ್ಮ ಅರಿವಿಗೆ ಬರುವ ಮೊದಲೇ ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನುಗಳು ಸ್ರವಿಸುವಂತೆ ಮಾಡುತ್ತದೆ; ನಾಡಿಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ಗಾಢ ನಿದ್ದೆ ತೆಳು ನಿದ್ದೆಯಾಗುತ್ತದೆ. ಮಲಗಿದವರಿಗೆ ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಯುರೋಪಿನ ನಾಲ್ಕು ವಿಮಾನ ನಿಲ್ದಾಣಗಳ ಸಮೀಪ ವಾಸಿಸುವ 140 ಮಂದಿಯ ರಕ್ತದೊತ್ತಡವನ್ನು ಅವರ ಮನೆಯಲ್ಲೇ ರಾತ್ರಿಯಿಡೀ ಹದಿನೈದು ನಿಮಿಷಕ್ಕೊಮ್ಮೆ ಅಳೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರು ನಿದ್ದೆಯಲ್ಲಿದ್ದಾಗಲೇ ವಿಮಾನವಾಗಲಿ ರಸ್ತೆಯ ವಾಹನವಾಗಲಿ ಸದ್ದು ಮಾಡಿದೊಡನೆ ಒತ್ತಡ ಏರಿದ್ದು ಅದರಲ್ಲಿ ಕಂಡುಬಂತು. ಊರಿನವರು ಹೇಳುವ "ರೂಢಿ" ಸುಳ್ಳಲ್ಲ. ದಿನ ಕಳೆದಂತೆ ಎಚ್ಚರವಾಗುವುದು ಕಡಿಮೆಯಾಗುತ್ತದೆ ನಿಜ. ಆದರೆ ಹೃದಯ ಮತ್ತು ರಕ್ತನಾಳಗಳು ಅಷ್ಟು ಬೇಗ ರೂಢಿಗೆ ಬೀಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಹೊರತಂದ ಮಾರ್ಗಸೂಚಿಯು ರಸ್ತೆಯ ಸದ್ದು ರಾತ್ರಿ ಸರಾಸರಿ 45 ಡೆಸಿಬಲ್ ಮೀರಬಾರದೆಂದು ಹೇಳುತ್ತದೆ. ದಿನವಿಡೀ ಸರಾಸರಿ 53 ಡೆಸಿಬಲ್ ದಾಟಿದ ಮೇಲೆ, ಪ್ರತಿ 10 ಡೆಸಿಬಲ್ ಏರಿಕೆಗೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯ ಸಾಧ್ಯತೆ ಸುಮಾರು ಶೇ 8ರಷ್ಟು ಹೆಚ್ಚುತ್ತದೆಂಬುದು ಅದರ ಹಿಂದಿರುವ ಲೆಕ್ಕ. ಡೆಸಿಬಲ್ ಸಾಮಾನ್ಯ ಅಳತೆಯಂತಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು: 10 ಹೆಚ್ಚಾಯಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ.

ನಿಮ್ಮ ಎಣಿಕೆಯನ್ನೇ ತೆಗೆದುಕೊಳ್ಳೋಣ. ರಾತ್ರಿಗೆ ಹತ್ತು ಗಾಡಿ, ಒಂದೊಂದೂ ಮನೆಯ ಮುಂದೆ 15 ಸೆಕೆಂಡು 75 ಡೆಸಿಬಲ್ ಸದ್ದು ಮಾಡುತ್ತದೆಂದು ಭಾವಿಸೋಣ. ಉಳಿದ ಸಮಯವೆಲ್ಲ ಪೂರ್ಣ ನಿಶ್ಶಬ್ದವಾಗಿದ್ದರೂ ಎಂಟು ಗಂಟೆಯ ಸರಾಸರಿ ಸುಮಾರು 52 ಡೆಸಿಬಲ್ ಆಗುತ್ತದೆ! ಎರಡೂವರೆ ನಿಮಿಷದ ಸದ್ದು ಇಡೀ ರಾತ್ರಿಯನ್ನು ಮಿತಿಯ ಆಚೆಗೆ ತಳ್ಳುತ್ತದೆ.

ಹಾಗೆಂದು ನಿಮ್ಮ ತಾಯಿಯವರ ರಕ್ತದೊತ್ತಡಕ್ಕೆ ಟಿಪ್ಪರ್‌ಗಳೇ ಕಾರಣ ಎಂದು ನಾನು ಹೇಳಲಾರೆ, ಹೇಳುವವರನ್ನು ನಂಬಲೂಬೇಡಿ. ಮೇಲಿನ ಅಂಕಿಗಳು ಸಾವಿರಾರು ಜನರ ಮೇಲಿನವು, ಒಬ್ಬರ ಜಾತಕ ಹೇಳುವಂಥವಲ್ಲ. ಉಪ್ಪು, ವಯಸ್ಸು, ವಂಶ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಇನ್ನೊಂದನ್ನೂ ಕೇಳಲೇಬೇಕು: ಬಚ್ಚಲಿನ ಹಂಡೆಗೆ ಈಗಲೂ ನೀಲಗಿರಿ ಸೌದೆಯನ್ನೇ ಉರಿಸುತ್ತೀರಾ? ದಿನಾ ಬೆಳಿಗ್ಗೆ ಆ ಒಲೆಯ ಮುಂದೆ ಕೂರುವವರು ನಿಮ್ಮ ತಾಯಿಯೇ ಆಗಿದ್ದರೆ, ಹೊಗೆಯಲ್ಲಿರುವ ಅತಿ ಸಣ್ಣ ಕಣಗಳು ಡೀಸೆಲ್ ಹೊಗೆಯ ಕಣಗಳು ಮಾಡುವ ಕೆಲಸವನ್ನೇ ಮಾಡುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣದಾದ ಕಣ ಶ್ವಾಸಕೋಶದ ಗಾಳಿಚೀಲದವರೆಗೆ ಇಳಿದು ಉರಿಯೂತವನ್ನು ಹುಟ್ಟಿಸುತ್ತದೆ. ಆ ಉರಿಯೂತ ರಕ್ತನಾಳಗಳನ್ನೂ ತಟ್ಟುತ್ತದೆ. ಈ ಕಣಗಳಿಗೆ ನಮ್ಮ ದೇಶದ 2009ರ ಮಾನದಂಡ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಸದ್ದೂ ಹೊಗೆಯೂ ಒಂದೇ ಗಾಡಿಯಲ್ಲಿ ಬರುವುದರಿಂದ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವುದು ಸಂಶೋಧಕರಿಗೂ ಕಷ್ಟ. ಆದರೂ ಹೊಗೆಯ ಪಾಲನ್ನು ಕಳೆದ ಮೇಲೂ ಸದ್ದಿನ ಪಾಲು ಉಳಿಯುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ.

ಕ್ರಷರ್ ಧೂಳಿನದು ಬೇರೆಯೇ ಕಥೆ. ಗ್ರಾನೈಟ್‌ನಲ್ಲಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಅದರ ಧೂಳು ಒಳಗೆಳೆದುಕೊಂಡು ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ವಾಸಿಯಾಗುವಂಥದ್ದಲ್ಲ. ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಭಾರತದಲ್ಲಿ ಅದು ಮೊದಲು ವರದಿಯಾದದ್ದೇ ನಮ್ಮ ಕೆ.ಜಿ.ಎಫ್. ಚಿನ್ನದ ಗಣಿಗಳಿಂದ, 1930ರ ದಶಕದಲ್ಲಿ. ರಸ್ತೆ ಬದಿಯಲ್ಲಿ ವಾಸಿಸುವವರಿಗಿಂತ ಕಲ್ಲು ಒಡೆಯುವವರಿಗೆ ಅದರ ಅಪಾಯ ಎಷ್ಟೋ ಪಾಲು ಹೆಚ್ಚು. ನಿಮ್ಮ ಊರಿನವರು ಯಾರಾದರೂ ಕ್ರಷರ್‌ನಲ್ಲಿ ದುಡಿಯುತ್ತಿದ್ದು ತಿಂಗಳುಗಟ್ಟಲೆ ಕೆಮ್ಮುತ್ತಿದ್ದರೆ, ಕಫ ಪರೀಕ್ಷೆಯ ಜೊತೆಗೆ ಎದೆಯ ಎಕ್ಸ್‌ರೇ ಕೂಡ ಮಾಡಿಸಲು ಹೇಳಿ. ತಮ್ಮ ಕೆಲಸ ಏನೆಂಬುದನ್ನು ವೈದ್ಯರಿಗೆ ತಾವಾಗಿಯೇ ತಿಳಿಸಲಿ.

ನಿಮ್ಮ ಮನೆಯ ಮಟ್ಟಿಗೆ ಒಂದು ಸಲಹೆ. ಮನೆಯಲ್ಲೇ ಬಿ.ಪಿ. ನೋಡುವ ಯಂತ್ರದಿಂದ ಎರಡು ವಾರ ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಆಮೇಲೆ ತಾಯಿಯವರ ಮಂಚವನ್ನು ಹಿಂದಿನ ಕೋಣೆಗೆ ಹಾಕಿ ಇನ್ನೆರಡು ವಾರ ಅಳೆಯಿರಿ. ಮಾತ್ರೆಯನ್ನು ಮಾತ್ರ ನೀವಾಗಿ ಮುಟ್ಟಬೇಡಿ; ಪುಸ್ತಕವನ್ನು ವೈದ್ಯರಿಗೆ ತೋರಿಸಿ.

ಉತ್ತರ 2 — ಆರು ಚಕ್ರ (ಗೌರಿಬಿದನೂರು)

ಎರಡು ಟಿಪ್ಪರ್‌ಗಳ ಮಾಲೀಕ ನಾನು. ಬೈಯುವ ಮೊದಲು ದಯವಿಟ್ಟು ಓದಿ.

ರಾತ್ರಿ ಓಡಿಸುವುದು ನಮಗೂ ಇಷ್ಟವಿಲ್ಲ. ಬೆಂಗಳೂರಿನೊಳಗೆ ಭಾರೀ ವಾಹನಗಳಿಗೆ ಹಗಲಿನಲ್ಲಿ ಸಮಯದ ನಿರ್ಬಂಧ ಇರುವುದರಿಂದ, ಅಲ್ಲಿನ ಕಟ್ಟಡಕ್ಕೆ ಬೆಳಗಾಗುವುದರೊಳಗೆ ಜಲ್ಲಿ ಇಳಿಸಬೇಕೆಂದರೆ ಇಲ್ಲಿಂದ ನಡುರಾತ್ರಿಯೇ ಹೊರಡಬೇಕು. ಪಟ್ಟಣದವರ ಹಗಲನ್ನು ಕಾಪಾಡುವ ನಿಯಮ ಹಳ್ಳಿಯವರ ರಾತ್ರಿಯನ್ನು ತಿನ್ನುತ್ತಿದೆ ಎಂದರೆ ತಪ್ಪಾಗಲಾರದು.

ಇನ್ನೊಂದು ಮಾತು. ತುಂಬಿದ ಗಾಡಿಗಿಂತ ಖಾಲಿ ಗಾಡಿಯ ಸದ್ದೇ ಹೆಚ್ಚು. ಹಿಂದಿರುಗುವಾಗ ಹಂಪ್ ಹಾರಿದರೆ ಹಿಂಬಾಗಿಲು ತೊಟ್ಟಿಗೆ ಬಡಿದು ಫಿರಂಗಿ ಹೊಡೆದಂತಾಗುತ್ತದೆ. ನಿಮ್ಮ ಮನೆಯ ಹತ್ತಿರ ಹಂಪ್ ಅಥವಾ ಹಳ್ಳ ಬಿದ್ದ ಜಾಗ ಇದೆಯೇ ನೋಡಿ. ಇದ್ದರೆ ಅರ್ಧ ಸಮಸ್ಯೆ ಅಲ್ಲಿಯೇ ಇದೆ. ಕೊಂಡಿಗೆ ರಬ್ಬರ್ ತುಂಡು ಕಟ್ಟಿ ಬಿಗಿ ಮಾಡಿದರೆ ಆ ಬಡಿತ ನಿಲ್ಲುತ್ತದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ನನ್ನ ಚಾಲಕರಿಂದ ಮಾಡಿಸಿದ್ದೇನೆ, ಎಲ್ಲರೂ ಮಾಡುವುದಿಲ್ಲ. ಟಾರ್ಪಾಲ್ ಹೊದಿಸದೆ ಎಂ-ಸ್ಯಾಂಡ್ ಒಯ್ಯುವವರ ಪರವಾಗಿ ವಾದಿಸಲು ನನ್ನ ಬಳಿ ಏನೂ ಇಲ್ಲ.

ಉತ್ತರ 3 — ಬಟವಾಡಿ ತಿರುವು (ತುಮಕೂರು)

ಹೆದ್ದಾರಿ 48ರ ಪಕ್ಕದಲ್ಲಿ ಹನ್ನೆರಡು ವರ್ಷ ಕಳೆದವನ ಅನುಭವದಿಂದ ಹೇಳುತ್ತಿದ್ದೇನೆ. ಮರ ನೆಟ್ಟರೆ ಸದ್ದು ತಗ್ಗುತ್ತದೆಂದು ಯಾರಾದರೂ ಹೇಳಿದರೆ ಧೂಳಿಗಾಗಿ ನೆಡಿ, ಸದ್ದಿಗಾಗಿ ಬೇಡ. ಒಂದೆರಡು ಸಾಲು ಮರದಿಂದ ಸದ್ದು ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಗಟ್ಟಿ ಗೋಡೆ ಇಳಿಸುತ್ತದೆ.

ಕಾನೂನಿನ ವಿಷಯ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಆದರೆ ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದೆಂದು ನಿಯಮ ಹೇಳುವುದರಿಂದ, ಮೇಡಂ ಹಾಕಿದ 52ರ ಲೆಕ್ಕ ಆರೋಗ್ಯಕ್ಕೆ ಕೆಟ್ಟದ್ದಾದರೂ ಅಂಕಿಯನ್ನಷ್ಟೇ ಹಿಡಿದು ದೂರು ಕೊಡಲು ಸಾಲದು. ಅದರ ಬದಲು ಹಾರ್ನ್ ವಿಷಯವನ್ನು ಹಿಡಿದುಕೊಳ್ಳಿ. ತುರ್ತು ಸಂದರ್ಭ ಹೊರತು ರಾತ್ರಿ ವೇಳೆ ವಸತಿ ಪ್ರದೇಶದಲ್ಲಿ ಹಾರ್ನ್ ಬಾರಿಸುವಂತಿಲ್ಲವೆಂದು 2010ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ, ಅದಕ್ಕೆ ಡೆಸಿಬಲ್ ಲೆಕ್ಕ ಬೇಕಾಗಿಲ್ಲ. ಜಿಲ್ಲಾಧಿಕಾರಿಗಳಿಗೆ ಬರೆಯಿರಿ, ದಿನಾಂಕ, ಹೊತ್ತು, ಗಾಡಿಗಳ ಸಂಖ್ಯೆ ಇರಲಿ. ನೀವು ಆಗಲೇ ಎಣಿಸುತ್ತಿದ್ದೀರಿ, ಅದನ್ನು ನಿಲ್ಲಿಸಬೇಡಿ.

ತಪ್ಪಲಿನವನು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ತಿಂಗಳಾದ ಮೇಲೆ ಬರೆಯುತ್ತಿದ್ದೇನೆ.

ಹಂಪ್ ಇರುವುದು ನಿಜ, ನಮ್ಮ ಮನೆಯಿಂದ ಮೂರನೇ ಮನೆಯ ಎದುರಿಗೆ. ಶಾಲೆಯ ಮಕ್ಕಳಿಗೆಂದು ನಾವೇ ಊರಿನವರು ಒತ್ತಾಯಿಸಿ ಹಾಕಿಸಿದ್ದು. ಅದನ್ನು ತೆಗೆಯಿರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಿಂಬಾಗಿಲಿಗೆ ರಬ್ಬರ್ ಕಟ್ಟಿಸಬೇಕೆಂದು ಗ್ರಾಮ ಪಂಚಾಯಿತಿಯ ಮೂಲಕ ಕ್ರಷರ್‌ನವರಿಗೆ ಕೇಳಿಸಿದ್ದೇವೆ, ಕೆಲವರು ಕಟ್ಟಿಸಿದ್ದಾರೆ. ಹಾರ್ನ್ ಬಗ್ಗೆ ಅರ್ಜಿ ಕೊಟ್ಟಾಗಿದೆ.

ಹಂಡೆಯ ಒಲೆಯ ವಿಷಯದಲ್ಲಿ ಮೇಡಂ ಊಹಿಸಿದ್ದು ಸರಿ. ಈಗ ಬೆಳಿಗ್ಗೆ ಒಲೆ ಹಚ್ಚುವುದು ನಾನು, ಅಮ್ಮನನ್ನು ಹತ್ತಿರ ಬಿಡುತ್ತಿಲ್ಲ. ಆದ್ದರಿಂದ ಒತ್ತಡ ಇಳಿದರೂ ಯಾವುದರಿಂದ ಇಳಿಯಿತೆಂದು ನನ್ನ ಪುಸ್ತಕ ಹೇಳಲಾರದು. ಮೊದಲ ಎರಡು ವಾರ ಬಿ.ಪಿ.ಯ ಮೇಲಿನ ಅಂಕಿ ಹೆಚ್ಚಾಗಿ 150ರ ಆಸುಪಾಸಿನಲ್ಲಿತ್ತು, ಹಿಂದಿನ ಕೋಣೆಗೆ ಹೋದ ಮೇಲೆ 140ರ ಸುತ್ತ ಆಡುತ್ತಿದೆ. ವೈದ್ಯರು ಪುಸ್ತಕ ನೋಡಿ ಮಾತ್ರೆಯನ್ನು ಸದ್ಯಕ್ಕೆ ಹಾಗೆಯೇ ಮುಂದುವರಿಸಲು ಹೇಳಿದರು.

ಆ ಕೋಣೆ ಕೊಟ್ಟಿಗೆಗೆ ಹೊಂದಿಕೊಂಡಿದೆ. ಮೊದಲ ಮೂರು ರಾತ್ರಿ, ಹಸು ತಲೆಯಾಡಿಸಿದಾಗಲೆಲ್ಲ ಗಂಟೆಯ ಸದ್ದಿಗೆ ಎಚ್ಚರವಾಗುತ್ತದೆಂದು ಅಮ್ಮ ದೂರಿದರು. ಇಷ್ಟು ವರ್ಷ ಟಿಪ್ಪರ್‌ಗೆ ಏಳದವರು! ಗಂಟೆಯನ್ನು ಬಿಚ್ಚಿಟ್ಟಿದ್ದೇನೆ.